ಮೋಟಾರ್ ಸೈಕಲ್, ಸ್ಕೂಟರ್‌ಗಳ ಮುಖ್ಯ ಭಾಗಗಳು

ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊರುವ ವಾಹನದ ಭಾಗಗಳನ್ನು ರೈತರು ಅರಿತಿರುವುದು ಅಗತ್ಯ.

ಎಂಜಿನ್: ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಉರಿದು ಪಿಸ್ಟನ್ನನ್ನು ತಳ್ಳುತ್ತದೆ.

ಶಕ್ತಿ ಸಾಗಣೆ: ಮೋಟಾರ್ ಸೈಕಲಿನಲ್ಲಿ ಈ ಶಕ್ತಿಯು ಕ್ಲಚ್, ಗೇರು, ಚೈನುಗಳ ಮೂಲಕ ಹಿಂದಿನ ಚಕ್ರ ಸೇರುತ್ತದೆ. ಗೇರಿಲ್ಲದ ಪೆಟ್ರೋಲ್ ಸ್ಕೂಟರಿನಲ್ಲಿ ಬೆಲ್ಟ್ ಇರುತ್ತದೆ. ಹೊರೆಯೊಡನೆ ಏರು ಹತ್ತುವಾಗ ಕೆಳಗಿನ ಗೇರು ಬಳಸಬೇಕು; ಅರ್ಧ ಹಿಡಿದ ಕ್ಲಚ್ ಬೇಗ ಸವೆಯುತ್ತದೆ.

ಚಕ್ರ: ಸ್ಕೂಟರಿನ ರಿಮ್ ಸಾಮಾನ್ಯವಾಗಿ 10 ಅಥವಾ 12 ಅಂಗುಲ, ಮೋಟಾರ್ ಸೈಕಲಿನದು 17 ಅಥವಾ 18 ಅಂಗುಲ. ಆದ್ದರಿಂದ ಗುಂಡಿ ಬಿದ್ದ ದಾರಿಗೆ ಮೋಟಾರ್ ಸೈಕಲೇ ಮೇಲು.

ಬ್ರೇಕ್: ನಿಲ್ಲಿಸುವಾಗ ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿನ ಪಾತ್ರ ಹಿರಿದು. ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿಯಿರಿ. ಹಿಂಬದಿಗೆ ಅತಿಯಾಗಿ ಹೇರಿದರೆ ಮುಂಚಕ್ರದ ಹಿಡಿತ ತಗ್ಗಿ ವಾಹನ ಅಂಕೆ ತಪ್ಪುವ ಅಪಾಯವುಂಟು. ಕ್ಯಾನುಗಳನ್ನು ಎರಡೂ ಬದಿಗೆ ಸಮನಾಗಿ, ತಗ್ಗಿನಲ್ಲಿ ಬಿಗಿಯಾಗಿ ಕಟ್ಟಿರಿ.