ಆಪರೇಷನ್ ಆದರೂ ಮೊಲದ ಉಚ್ಚೆ ಕಾಟ ನಿಂತಿಲ್ಲ

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿದ್ದೇವೆ. ಮಗಳ ಹಟಕ್ಕೆ ತಂದ ಗಂಡುಮೊಲಕ್ಕೆ ಈಗ ಒಂದು ವರ್ಷ. ಗೋಡೆಗೆ, ಸೋಫಾಕ್ಕೆ, ನಮ್ಮ ಕಾಲಿಗೆಲ್ಲ ಉಚ್ಚೆ ಚಿಮ್ಮಿಸುತ್ತಿತ್ತು. ಬೀಜ ತೆಗೆಸಿದರೆ ನಿಲ್ಲುತ್ತದೆ ಎಂದರು. ಆಪರೇಷನ್ ಆಗಿ ಮೂರು ವಾರವಾದರೂ ನಿಂತಿಲ್ಲ. ಮೊನ್ನೆ ದೇವರ ಮಂಟಪದ ಹತ್ತಿರವೂ ಮಾಡಿತು, ಅತ್ತೆ ಅತ್ತೇಬಿಟ್ಟರು. ಒಮ್ಮೊಮ್ಮೆ ಉಚ್ಚೆ ಕೆಂಪಗಿರುತ್ತದೆ. ಖಾರ್ಘರ್‌ನಲ್ಲಿರುವ ಮೈದುನ ‘ಇಲ್ಲಿಯ ಗುಡ್ಡದಲ್ಲಿ ಬಿಟ್ಟುಬಿಡೋಣ’ ಎನ್ನುತ್ತಾನೆ. ಏನು ಮಾಡಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಮೊದಲು ಮೈದುನನ ಮಾತಿಗೆ ಬರುತ್ತೇನೆ. ಖಂಡಿತ ಬೇಡ. ನಮ್ಮ ಗುಡ್ಡಗಳ ಕಾಡುಮೊಲವೇ ಬೇರೆ ಜಾತಿ. ಮನೆಯಲ್ಲಿ ಸಾಕುವ ಮೊಲ ಯುರೋಪಿನಲ್ಲಿ ಬಿಲ ತೋಡಿ ಬದುಕುವ ಮೊಲದ ವಂಶದ್ದು. ಸೋಫಾದ ಕೆಳಗೆ ಬೆಳೆದ ಪ್ರಾಣಿ ನಾಯಿ, ಕಾಗೆಗಳ ನಡುವೆ ಹೆಚ್ಚು ದಿನ ಉಳಿಯುವುದಿಲ್ಲ. ಹಾಗೆ ತೊರೆದು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಆಪರೇಷನ್ ವ್ಯರ್ಥವಾಯಿತು ಎಂದು ಮೂರೇ ವಾರಕ್ಕೆ ತೀರ್ಮಾನಿಸಬೇಡಿ. ಬೀಜ ತೆಗೆದ ದಿನವೇ ಹಾರ್ಮೋನಿನ ಪ್ರಭಾವ ಹೋಗುವುದಿಲ್ಲ. ನಡತೆ ತಣಿಯಲು ನಾಲ್ಕರಿಂದ ಆರು ವಾರ, ಕೆಲವು ಮೊಲಗಳಿಗೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಹೆಣ್ಣುಮೊಲದ ಜೊತೆಗೂ ಬಿಡಬೇಡಿ, ಮರಿಯಾಗಬಹುದು. ನಿಮ್ಮ ಮೊಲ ಪ್ರಾಯಕ್ಕೆ ಬಂದು ಹಲವು ತಿಂಗಳಾದ ಮೇಲೆ ಆಪರೇಷನ್ ಆಗಿದೆ. ಹಾರ್ಮೋನು ಇಳಿದರೂ ಅಭ್ಯಾಸ ಉಳಿದಿರುತ್ತದೆ. ಅದನ್ನು ಬಿಡಿಸುವ ಕೆಲಸ ನಿಮ್ಮದು.

ಮೊಲ ಉಚ್ಚೆ ಚಿಮ್ಮಿಸುವುದು ‘ಈ ಜಾಗ ನನ್ನದು’ ಎಂದು ಸಾರಲು. ಗದರಿದರೆ, ಹೊಡೆದರೆ ಅದಕ್ಕೆ ಭಯ ಹೆಚ್ಚುತ್ತದೆ. ಭಯ ಹೆಚ್ಚಿದರೆ ಗುರುತು ಹಾಕುವುದೂ ಹೆಚ್ಚುತ್ತದೆ. ಒರೆಸಲು ಫಿನಾಯಿಲ್ ಹಾಕುತ್ತಿದ್ದರೆ ನಿಲ್ಲಿಸಿ. ಆ ಘಾಟು ಮೊಲದ ಮೂಗಿಗೆ ಹಿತವಲ್ಲ, ಅದರ ಮೇಲೆ ಮತ್ತೆ ತನ್ನ ವಾಸನೆ ಹಚ್ಚಲು ಅದು ಹೊರಡುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಟೈಲ್ಸ್ ಮತ್ತು ಅವುಗಳ ಸಂದನ್ನು ಒರೆಸಿ. ಮಾರ್ಬಲ್ ನೆಲವಾದರೆ ವಿನೆಗರ್ ಬೇಡ, ಕಲ್ಲು ಮಾಸುತ್ತದೆ.

ಇಡೀ ಮನೆಯಲ್ಲಿ ಓಡಾಡಲು ಈಗಲೇ ಬಿಡಬೇಡಿ. ಹಾಲ್‌ನ ಒಂದು ಮೂಲೆಗೆ ಜಾಲರಿ ಕಟ್ಟಿ, ಅಲ್ಲಿ ಅಗಲವಾದ ಟ್ರೇ ಇಟ್ಟು, ಕಾಗದದ ಚೂರು ಹರಡಿ. ಒಣಹುಲ್ಲನ್ನು ಟ್ರೇಗೆ ತಾಗಿಸಿಯೇ ಇಡಿ, ಏಕೆಂದರೆ ಮೊಲ ಹುಲ್ಲು ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಅದರ ಉಚ್ಚೆ ತಾಗಿದ ಒಂದು ಕಾಗದವನ್ನು ಟ್ರೇಯಲ್ಲೇ ಉಳಿಸಿದರೆ ಜಾಗ ಬೇಗ ಗೊತ್ತಾಗುತ್ತದೆ. ಅಲ್ಲಿ ಸರಿಯಾಗಿ ಕೂರಲು ಕಲಿತ ಮೇಲೆ ಸ್ವಲ್ಪ ಸ್ವಲ್ಪವೇ ಜಾಗ ಹೆಚ್ಚಿಸಿ. ಹಾಸಿಗೆ ಮತ್ತು ದೇವರ ಮೂಲೆ ಕೊನೆಗೆ. ನಮ್ಮ ಕಡೆಯ ಮಳೆಗಾಲದಲ್ಲಿ ಹುಲ್ಲು ಬೂಸ್ಟು ಹಿಡಿಯುತ್ತದೆ. ಅದನ್ನು ಹಾಕಲೇಬೇಡಿ, ಹೊಟ್ಟೆ ಕೆಡುತ್ತದೆ.

ಕೆಂಪು ಬಣ್ಣದ ಬಗ್ಗೆ ಹೇಳಲೇಬೇಕು. ಸೊಪ್ಪಿನ ಬಣ್ಣದಿಂದ ಮೊಲದ ಉಚ್ಚೆ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಆಗುವುದು ಸಹಜ. ಹೆಚ್ಚಾದ ಕ್ಯಾಲ್ಸಿಯಂ ಉಚ್ಚೆಯಲ್ಲೇ ಹೋಗುವುದರಿಂದ ಒಣಗಿದಾಗ ಸುಣ್ಣದಂತೆ ಕಾಣುವುದೂ ಉಂಟು. ಅದು ಗಟ್ಟಿ ಕೆಸರಾದರೆ ಮಾತ್ರ ತೊಂದರೆ. ಹಾಗಾಗಿ ದೊಡ್ಡ ಮೊಲಕ್ಕೆ ಕ್ಯಾಲ್ಸಿಯಂ ಹೆಚ್ಚಿರುವ ಲಸೂನ್ ಘಾಸ್ (ಲ್ಯೂಸರ್ನ್ ಮೇವು) ದಿನವೂ ಹಾಕಬೇಡಿ, ನೀರು ಬಟ್ಟಲಿನಲ್ಲಿ ಧಾರಾಳವಾಗಿಡಿ. ನಡುನಡುವೆ ರಕ್ತದ ಹನಿ ಕಂಡರೆ, ತಿಣುಕಿ ಎರಡೇ ತೊಟ್ಟು ಹೋದರೆ, ಹಿಂಭಾಗ ಸದಾ ಒದ್ದೆಯಿದ್ದರೆ ಅದು ಗುರುತು ಹಾಕುವುದಲ್ಲ, ಕಾಯಿಲೆ. ಅರ್ಧ ದಿನ ಏನೂ ತಿನ್ನದಿದ್ದರೆ ಅಂದೇ ವೈದ್ಯರ ಬಳಿ ಹೋಗಿ. ಎಲ್ಲ ವೈದ್ಯರಿಗೂ ಮೊಲದ ಅನುಭವವಿರುವುದಿಲ್ಲ. ಆಪರೇಷನ್ ಮಾಡಿದವರನ್ನೇ ಮೊದಲು ಕೇಳಿ. ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಇದೆ, ಫೋನ್ ಮಾಡಿ ವಿಚಾರಿಸಿಕೊಂಡು ಹೊರಡಿ.

ಅತ್ತೆಯವರ ದುಃಖ ಸಣ್ಣದಲ್ಲ. ದೇವರ ಮಂಟಪವನ್ನು ಗೋಡೆಯ ಮೇಲಕ್ಕೆ ಏರಿಸಿ, ಅಥವಾ ಮುಂದೆ ಜಾಲರಿ ಇಡಿ. ‘ಇನ್ನೊಂದೂವರೆ ತಿಂಗಳು ಸಮಯ ಕೊಡಿ ಅತ್ತೆ’ ಎಂದು ನೀವೇ ಕೇಳಿಕೊಳ್ಳಿ. ಆಮೇಲೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ, ನನಗೂ ಬರೆಯಿರಿ.