ಮಳೆಗಾಲದ ರೀಡು, ಗಂಟೆಗೆ ಎಷ್ಟು?

ಪತ್ತನಾಜೆ ಕಳೆದರೆ ನಮ್ಮ ಕಾರಡ್ಕ, ಮುಳ್ಳೇರಿಯ ಕಡೆಯ ಸ್ಯಾಕ್ಸೋಫೋನ್ ಸೆಟ್ಟಿನವರಿಗೆ ನೇಮವಿಲ್ಲ, ಜಾತ್ರೆಯಿಲ್ಲ. ಹಾಗೆಂದು ಸಾಧನೆ ಬಿಟ್ಟರೆ ದೀಪಾವಳಿ ಹೊತ್ತಿಗೆ ತುಟಿಯ ಹಿಡಿತ ತಪ್ಪಿರುತ್ತದೆ. ಕೈಯಲ್ಲಿ ಕಾಸಿಲ್ಲದ ಆ ತಿಂಗಳುಗಳಲ್ಲೇ ರೀಡು ಹೆಚ್ಚು ಹಾಳಾಗುವುದು. ನಾನು ಸಂಪಾದನೆಗೆ ಊದುವವನಲ್ಲ. ಬೆಳಗ್ಗೆ ಒಂದು ಗಂಟೆ ಸರಳೆ, ವರ್ಣ, ಅಷ್ಟೆ. ಆದರೂ ಕಳೆದ ಮಳೆಗಾಲಕ್ಕೆ ಮೊದಲು ಒಂದೇ ಒಂದು ಸಿಂಥೆಟಿಕ್ ರೀಡಿಗೆ 3,200 ರೂಪಾಯಿ ಕೊಟ್ಟೆ. ಪಾರ್ಸೆಲ್ ಬಿಚ್ಚುವಾಗ ಬಂದಿದ್ದ ಸೆಟ್ಟಿನ ಹುಡುಗ, "ಮಾಷ್ಟ್ರೆ, ಈ ಪ್ಲಾಸ್ಟಿಕ್ ತುಂಡಿಗಾ?" ಎಂದ.

ಹೌದು, ಅದಕ್ಕೇ. ಲೆಕ್ಕ ನೋಡಿ. ಒಳ್ಳೆಯ ಕಂಪನಿಯ ಆಲ್ಟೊ ಕೇನ್ ರೀಡು, ಹತ್ತರ ಬಾಕ್ಸ್, ನಾನು ಕೊಟ್ಟದ್ದು 2,500. ಒಂದಕ್ಕೆ 250 ಎಂದು ಎಲ್ಲರೂ ಹೇಳುತ್ತಾರೆ. ಅದು ಅಂಗಡಿಯ ಲೆಕ್ಕ, ಊದುವವನದ್ದಲ್ಲ. ಹತ್ತರಲ್ಲಿ ಮೂರು ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ, ಆಗುವುದಿಲ್ಲ ಎಂದು. ಉಳಿದದ್ದು ಏಳು, ಒಂದಕ್ಕೆ 357 ಬಿತ್ತು. ಬೇಸಗೆಯಲ್ಲಿ ಒಂದೊಂದು 20 ಗಂಟೆ ಬಂದರೆ 140 ಗಂಟೆ, ಗಂಟೆಗೆ 18 ರೂಪಾಯಿ. ಮಳೆಗಾಲದಲ್ಲಿ? ಏಳರಲ್ಲಿ ಎರಡಕ್ಕೆ ಬೂಷ್ಟು ಹಿಡಿಯಿತು. ಉಳಿದ ಐದರ ತುದಿ ಒಣಗದೆ ಅಲೆಅಲೆಯಾಗಿ, 12 ಗಂಟೆಯ ಮೇಲೆ ಒಂದೂ ಬರಲಿಲ್ಲ. ಐದು ಹನ್ನೆರಡ್ಲ 60. ಅದೇ 2,500ನ್ನು 60ರಿಂದ ಭಾಗಿಸಿ: ಗಂಟೆಗೆ 42 ಸಮೀಪ! ಆ ಪ್ಲಾಸ್ಟಿಕ್ ತುಂಡು 150 ಗಂಟೆ ದಾಟಿ ಇನ್ನೂ ನುಡಿಯುತ್ತಿದೆ. ಈಗಲೇ ಗಂಟೆಗೆ 21ರ ಆಸುಪಾಸು, ಮುಂದೆ ಇಳಿಯುವುದೇ ಸೈ.

ದೂರು ಇಲ್ಲವೆಂದಲ್ಲ. ನಾದ ಸ್ವಲ್ಪ ಗಡಸು, ತೋಡಿಯ ಗಾಂಧಾರ ತೂಗುವಾಗ ತುಟಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನಾಗಸ್ವರದ ಮನೆಯಿಂದ ಬಂದ ಕದ್ರಿ ಗೋಪಾಲನಾಥರ (1949–2019) ಗಮಕ ಕೇಳಿ ಬೆಳೆದ ಕಿವಿಗೆ ಅದು ತಿಳಿಯುತ್ತದೆ. ಕಛೇರಿಗೆ ಕೇನ್ ರೀಡೇ ಇರಲಿ. ನಾನು ಹೇಳುತ್ತಿರುವುದು ದಿನನಿತ್ಯದ ಸಾಧನೆಯ ಮಾತು.

ಇನ್ನು ಆನ್‌ಲೈನಿನಲ್ಲಿ 600 ರೂಪಾಯಿಗೆ ಹತ್ತು ಸಿಗುವ ಹೆಸರಿಲ್ಲದ ರೀಡುಗಳು. ಬಾಕ್ಸಿಗೆ ಚಿನ್ನದ ಬಣ್ಣ, ಒಳಗೆ ಗಟ್ಟಿತನದ ನಂಬರು ಎರಡೂವರೆ ಎಂದು ಬರೆದದ್ದರಲ್ಲಿ ಒಂದು ಎರಡಕ್ಕಿಂತ ಮೆತ್ತಗೆ, ಇನ್ನೊಂದು ಮೂರಕ್ಕಿಂತ ಗಟ್ಟಿ. ಮೂರು ನುಡಿದವು, ಆರಾರು ಗಂಟೆ. ಭಾಗಿಸಿದರೆ ಗಂಟೆಗೆ 33. ಇದನ್ನು ಅಗ್ಗ ಎನ್ನುವವರಿಗೆ ನನ್ನಲ್ಲಿ ತಾಳ್ಮೆಯಿಲ್ಲ. ಕಲಿಯುವ ಮಕ್ಕಳ ಬಾಯಿಗೆ ಅದನ್ನು ಕೊಟ್ಟು, ಶ್ರುತಿ ನಿಲ್ಲುವುದಿಲ್ಲ ಎಂದು ಮಕ್ಕಳನ್ನೇ ಬೈಯುವವರಿದ್ದಾರೆ.

ಒಳ್ಳೆಯ ಕಂಪನಿಗಳ ನಡುವೆಯೂ ನಂಬರು ಒಂದೇ ಅಲ್ಲ. ವಾಂಡೊರೆನ್‌ನ ಎರಡೂವರೆ ರಿಕೊದ ಎರಡೂವರೆಗಿಂತ ಗಟ್ಟಿ. ಒಂದು ಕಂಪನಿ ಬಾಯಿಗೆ ಹೊಂದಿದರೆ ನೂರು ರೂಪಾಯಿ ಉಳಿಸಲು ಬದಲಾಯಿಸಬೇಡಿ. ಹಳತಕ್ಕೆ ಹೊಂದಿದ ತುಟಿ ಹೊಸತಕ್ಕೆ ಹೊಂದಲು ಅರ್ಧ ಬಾಕ್ಸ್ ಮುಗಿಯುತ್ತದೆ.

ಮತ್ತೆ ನಮ್ಮ ಅಭ್ಯಾಸಗಳು. ಮನೆಗೆ ಬಂದ ಸೆಟ್ಟಿನವರ ಪೆಟ್ಟಿಗೆ ತೆರೆದರೆ ರೀಡು ಮೌತ್‌ಪೀಸಿನಲ್ಲೇ, ಲಿಗೇಚರ್ ಬಿಗಿದಂತೆಯೇ, ನಿನ್ನೆಯ ವೀಳ್ಯದ ಕೆಂಪು ಹಾಗೇ. ಬಿಚ್ಚಿ, ತೊಳೆದು, ಒರೆಸಿ, ಗಾಜಿನ ತುಂಡಿನ ಮೇಲೆ ಮಟ್ಟಸವಾಗಿ ಇಡಲು ಎರಡು ನಿಮಿಷ ಸಾಕು. ಒಂದನ್ನೇ ಸಾಯುವವರೆಗೆ ಊದದೆ, ಬೆನ್ನಿಗೆ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಸರದಿಯಲ್ಲಿ ಬಳಸಿ. ಮೇಲೆ ಹೇಳಿದ 20 ಗಂಟೆ ಬರುವುದು ಹೀಗೆ ಮಾಡಿದರೆ ಮಾತ್ರ.

ಹೊಸದಾಗಿ ಕಲಿಯುವ ಮಕ್ಕಳಿಗೆ ಮಾತ್ರ 3,200ರ ರೀಡು ಬೇಡ; ಹಲ್ಲು ತಾಗಿ ತುದಿ ಒಮ್ಮೆ ಚಕ್ಕೆ ಎದ್ದರೆ ದುಡ್ಡು ಹೋದಂತೆ. ಅವರಿಗೆ ಒಳ್ಳೆಯ ಕಂಪನಿಯ ಎರಡು ನಂಬರಿನ ಕೇನ್ ರೀಡು ಬಿಡಿಯಾಗಿ ನಾಲ್ಕು ಕೊಡಿಸಿ. ಮಂಗಳೂರಿಗೆ ಹೋಗುವುದಿದ್ದರೆ ಮಳೆ ಹಿಡಿಯುವ ಮೊದಲೇ ತನ್ನಿ.