ಜೀವಕೋಶದ ಮರಣವನ್ನು ಅಳೆಯುವ ಬಗೆ



ಅಂಗಳದ ಮರದಿಂದ ಹಣ್ಣೆಲೆಯು ಕಳಚಿ ಬೀಳುವದನ್ನು ನಾವೆಲ್ಲರೂ ಕಂಡಿದ್ದೇವೆ. ಬಿರುಗಾಳಿಗೆ ಸಿಕ್ಕಿ ಹರಿದುಬಿದ್ದ ಹಸಿರೆಲೆಗೂ ಕಾಲ ತುಂಬಿ ತಾನಾಗಿ ಕಳಚಿದ ಹಣ್ಣೆಲೆಗೂ ಇರುವ ಅಂತರವನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಮೊದಲನೆಯದು ಮರಕ್ಕಾದ ಗಾಯ; ಎರಡನೆಯದು ಮರದ ಬಾಳಿನ ಒಂದು ಕ್ರಮ. ನಮ್ಮ ಶರೀರವನ್ನು ಕಟ್ಟಿರುವ ಜೀವಕೋಶಗಳೂ ಹೀಗೆಯೇ ಎರಡು ವಿಧವಾಗಿ ಸಾಯುತ್ತವೆ. ಎರಡನೆಯ ವಿಧದ ಮರಣವನ್ನು ರೋಗಸಂಶೋಧಕರು ಹೇಗೆ ಅಳೆಯುತ್ತಾರೆ, ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬದೇ ಈ ಪಾಠದ ವಿಷಯ.

೧. ಎರಡು ಬಗೆಯ ಮರಣ

ಎಲೆಯ ಉಪಮೆಯು ನನ್ನದಲ್ಲ. ೧೯೭೨ನೆಯ ಇಸವಿಯಲ್ಲಿ ಜಾನ್ ಕೆರ್, ಆಂಡ್ರೂ ವೈಲಿ, ಆಲಸ್ಟೇರ್ ಕರಿ ಎಂಬ ಮೂವರು ರೋಗವಿಜ್ಞಾನಿಗಳು ಕ್ರಮಬದ್ಧವಾದ ಈ ಮರಣಕ್ಕೆ ‘ಅಪೊಪ್ಟೋಸಿಸ್’ ಎಂಬ ಹೆಸರನ್ನಿಟ್ಟರು. ಮರದಿಂದ ಎಲೆಯೂ ಹೂವಿನಿಂದ ಎಸಳೂ ಉದುರುವದನ್ನು ಸೂಚಿಸುವ ಗ್ರೀಕ್ ಪದವಿದು. ಸ್ಕಾಟ್ಲೆಂಡಿನ ಆಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರಾದ ಜೇಮ್ಸ್ ಕಾರ್ಮ್ಯಾಕರು ಇದನ್ನು ಅವರಿಗೆ ಸೂಚಿಸಿಕೊಟ್ಟರು.

ಪೆಟ್ಟಿನಿಂದಲೋ ವಿಷದಿಂದಲೋ ಸಾಯುವ ಜೀವಕೋಶವು ಊದಿ ಒಡೆಯುವದು. ಅದರೊಳಗಿನ ವಸ್ತುಗಳು ಸುತ್ತಲೂ ಚೆಲ್ಲಿ ಆ ಸ್ಥಳವು ಕೆಂಪಾಗಿ ಬಾತುಕೊಳ್ಳುವದು. ಅಪೊಪ್ಟೋಸಿಸಿನಲ್ಲಾದರೋ ಕೋಶವು ಕುಗ್ಗುವದು, ಅದರ ನಡುಬೀಜವು ಮುದುಡಿ ತುಂಡಾಗುವದು, ಕೊನೆಗೆ ಇಡೀ ಕೋಶವು ಪೊರೆ ಸುತ್ತಿದ ಚಿಕ್ಕ ಚಿಕ್ಕ ಗಂಟುಗಳಾಗಿ ಒಡೆದು ನೆರೆಯ ಕೋಶಗಳಿಂದ ನುಂಗಲ್ಪಡುವದು. ಬಾವೂ ಇಲ್ಲ, ಕಲೆಯೂ ಇಲ್ಲ. ತಾಯಿಯ ಗರ್ಭದಲ್ಲಿ ಮಗುವಿನ ಕೈಯು ಮೊದಲು ಸೌಟಿನಂತೆ ಚಪ್ಪಟೆಯಾಗಿದ್ದು, ಬೆರಳುಗಳ ನಡುವಣ ಕೋಶಗಳು ಹೀಗೆ ಸತ್ತುಹೋಗುವದರಿಂದಲೇ ಬೆರಳುಗಳು ಬೇರೆ ಬೇರೆಯಾಗುತ್ತವೆ. ಗೊದಮೊಟ್ಟೆಯ ಬಾಲವು ಮಾಯವಾಗುವದೂ ಹೀಗೆಯೇ.

ಈ ಮರಣವು ಮಿತಿಯಲ್ಲಿದ್ದರೆ ಆರೋಗ್ಯ, ಮಿತಿ ತಪ್ಪಿದರೆ ರೋಗ. ಸಾಯಬೇಕಾದ ಕೋಶವು ಸಾಯದೆ ಉಳಿದು ಹೆಚ್ಚುತ್ತಾ ಹೋಗುವದು ಕ್ಯಾನ್ಸರಿನ ಲಕ್ಷಣಗಳಲ್ಲೊಂದು. ಹೃದಯಕ್ಕಾಗಲಿ ಮೆದುಳಿಗಾಗಲಿ ರಕ್ತವು ನಿಂತುಹೋದಾಗ, ಉಳಿಯಬೇಕಾಗಿದ್ದ ಕೆಲವು ಕೋಶಗಳು ಇದೇ ದಾರಿಯನ್ನು ಹಿಡಿದು ನಷ್ಟವಾಗುತ್ತವೆ. ಆದಕಾರಣ, ಎಷ್ಟು ಕೋಶಗಳು ಸತ್ತವು ಎಂಬದಷ್ಟೇ ಅಲ್ಲ, ಯಾವ ದಾರಿಯಿಂದ ಸತ್ತವು ಎಂಬದನ್ನೂ ವೈದ್ಯಶಾಸ್ತ್ರವು ತಿಳಿಯಬೇಕಾಗಿರುತ್ತದೆ.

೨. ಒಂದು ಹುಳುವಿನಿಂದ ಬಂದ ತಿಳಿವು

ಮಣ್ಣಿನಲ್ಲಿ ವಾಸಿಸುವ, ಒಂದು ಮಿಲಿಮೀಟರು ಉದ್ದದ, ಸೀನೋರ್ಹ್ಯಾಬ್ಡೈಟಿಸ್ ಎಲಿಗನ್ಸ್ ಎಂಬ ಹುಳುವೊಂದುಂಟು. ಅದು ಬೆಳೆಯುವಾಗ ಸಂತಾನಕೋಶಗಳನ್ನು ಬಿಟ್ಟು ೧೦೯೦ ಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ ೧೩೧ ಕೋಶಗಳು ಗೊತ್ತಾದ ಹೊತ್ತಿನಲ್ಲಿ ಸಾಯುತ್ತವೆ, ೯೫೯ ಉಳಿಯುತ್ತವೆ. ೧೯೮೬ರಲ್ಲಿ ಹಿಲರಿ ಎಲ್ಲಿಸ್ ಎಂಬ ವಿದ್ಯಾರ್ಥಿನಿಯೂ ಆಕೆಯ ಗುರುಗಳಾದ ರಾಬರ್ಟ್ ಹಾರ್ವಿಟ್ಸರೂ ಈ ಮರಣಕ್ಕೆ ಅವಶ್ಯವಾದ ಎರಡು ಜೀನುಗಳನ್ನು ತೋರಿಸಿಕೊಟ್ಟರು. ಅವುಗಳಲ್ಲೊಂದಾದ ಸೆಡ್-೩ ಕೆಟ್ಟರೆ ಸಾಯಬೇಕಾದ ಕೋಶಗಳು ಬದುಕಿ ಉಳಿಯುತ್ತಿದ್ದವು. ೧೯೯೩ರಲ್ಲಿ ಜುನ್ಯಿಂಗ್ ಯುವಾನ್ ಎಂಬ ವಿದುಷಿಯೂ ಅವರ ಸಂಗಡಿಗರೂ, ಸೆಡ್-೩ ಜೀನು ಮನುಷ್ಯರಲ್ಲಿರುವ ಒಂದು ಕಿಣ್ವವನ್ನು ಹೋಲುವ ಪ್ರೋಟೀನನ್ನು ಉಂಟುಮಾಡುತ್ತದೆಂದು ಪ್ರಕಟಿಸಿದರು. ಆ ಕಿಣ್ವಗಳ ಕುಟುಂಬಕ್ಕೆ ೧೯೯೬ರಲ್ಲಿ ‘ಕಾಸ್ಪೇಸ್’ ಎಂಬ ಹೆಸರಾಯಿತು. ಹುಳುವಿನ ಈ ಅಭ್ಯಾಸಕ್ಕಾಗಿ ಹಾರ್ವಿಟ್ಸ್, ಸಿಡ್ನಿ ಬ್ರೆನ್ನರ್, ಜಾನ್ ಸಲ್ಸ್ಟನ್ ಇವರಿಗೆ ೨೦೦೨ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

೩. ಕಿಣ್ವದ ಕೆಲಸವನ್ನೇ ಅಳೆಯಬೇಕು

ಕಿಣ್ವವೆಂದರೇನೆಂಬದು ಅಡಿಗೆಮನೆಯನ್ನು ಬಲ್ಲವರಿಗೆ ಹೊಸದಲ್ಲ. ಪಪ್ಪಾಯಿ ಕಾಯಿಯ ಹಾಲನ್ನು ಸವರಿದರೆ ಗಡುಸಾದ ಮಾಂಸವು ಮೆತ್ತಗಾಗುವದು. ಆ ಹಾಲಿನಲ್ಲಿರುವ ಕಿಣ್ವವು ಮಾಂಸದ ಪ್ರೋಟೀನುಗಳನ್ನು ಕತ್ತರಿಸುವದೇ ಇದಕ್ಕೆ ಕಾರಣ. ಕಾಸ್ಪೇಸ್ ಕೂಡ ಪ್ರೋಟೀನನ್ನು ಕತ್ತರಿಸುವ ಕಿಣ್ವವೇ. ಆದರೆ ಅದು ಸಿಕ್ಕಲ್ಲೆಲ್ಲಾ ಕತ್ತರಿಸುವದಿಲ್ಲ. ಪ್ರೋಟೀನಿನ ಸರಪಣಿಯಲ್ಲಿ ಆಸ್ಪಾರ್ಟಿಕ್ ಆಮ್ಲವೆಂಬ ಕೊಂಡಿಯು ಬಂದಾಗ ಅದರ ಮುಂದಕ್ಕೆ ಮಾತ್ರ ಕತ್ತರಿಸುವದು.

ಬದುಕಿರುವ ಆರೋಗ್ಯವಂತ ಕೋಶದಲ್ಲಿಯೂ ಕಾಸ್ಪೇಸುಗಳು ಇರುತ್ತವೆ. ಆದರೆ ಒರೆಯೊಳಗಿನ ಕತ್ತಿಯಂತೆ ಸುಮ್ಮನಿರುತ್ತವೆ. ಮರಣದ ಆಜ್ಞೆಯು ಬಂದ ಮೇಲೆಯೇ ಅವು ಕೆಲಸಕ್ಕೆ ತೊಡಗುತ್ತವೆ. ಹೀಗಿರಲಾಗಿ, ಕೋಶದಲ್ಲಿ ಎಷ್ಟು ಕಾಸ್ಪೇಸ್ ಉಂಟೆಂದು ತೂಗಿ ನೋಡಿದರೆ ಪ್ರಯೋಜನವಿಲ್ಲ. ಸುಗ್ಗಿಯು ಎಷ್ಟಾಯಿತೆಂದು ತಿಳಿಯಬೇಕಾದವನು ಮನೆಯಲ್ಲಿರುವ ಕುಡುಗೋಲುಗಳನ್ನು ಎಣಿಸುವನೇ? ಕೊಯ್ದ ಸಿವುಡುಗಳನ್ನು ಎಣಿಸುವನಷ್ಟೆ. ಹಾಗೆಯೇ ಕಿಣ್ವವು ನಿಯಮಿತ ಕಾಲದಲ್ಲಿ ಎಷ್ಟು ಕತ್ತರಿಸಿತೆಂಬದನ್ನೇ ಅಳೆಯಬೇಕು.

೪. ಪ್ರಯೋಗದ ಕ್ರಮ

ಇದಕ್ಕಾಗಿ ರಸಾಯನಜ್ಞರು ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ವೇಲೀನ್, ಮತ್ತೆ ಆಸ್ಪಾರ್ಟಿಕ್ ಆಮ್ಲ ಎಂಬ ನಾಲ್ಕು ಕೊಂಡಿಗಳ ಕಿರುಸರಪಣಿಯನ್ನು ಕಟ್ಟಿದ್ದಾರೆ. ಕಾಸ್ಪೇಸ್-೩ ಎಂಬ ಮುಖ್ಯ ಕಿಣ್ವಕ್ಕೆ ಇದು ಬಹಳ ಮೆಚ್ಚಿನದು. ಸರಪಣಿಯ ತುದಿಗೆ ಪ್ಯಾರಾ-ನೈಟ್ರೋಆನಿಲಿನ್ ಎಂಬ ವಸ್ತುವನ್ನು ಜೋಡಿಸಿರುತ್ತಾರೆ. ಸರಪಣಿಗೆ ಅಂಟಿಕೊಂಡಿರುವ ತನಕ ಅದಕ್ಕೆ ಬಣ್ಣವಿಲ್ಲ. ಕತ್ತರಿಸಿ ಬಿಡುಗಡೆಯಾದ ಕೂಡಲೇ ಹಳದಿಯಾಗುವದು.

ಮದ್ದು ಹಾಕಿದ ಕೋಶಗಳನ್ನೂ ಮದ್ದು ಹಾಕದ ಕೋಶಗಳನ್ನೂ ಬೇರೆ ಬೇರೆಯಾಗಿ ಬೆಳೆಸಿ, ಮಂಜುಗಡ್ಡೆಯ ಮೇಲೆ ತಣ್ಣಗಿಟ್ಟು, ಪೊರೆಯನ್ನು ಕರಗಿಸುವ ದ್ರಾವಣದಿಂದ ಅವುಗಳ ರಸವನ್ನು ತೆಗೆಯುತ್ತಾರೆ. ಎರಡೂ ನಳಿಗೆಗಳಲ್ಲಿ ಪ್ರೋಟೀನು ಸಮನಾಗಿರುವಂತೆ ನೋಡಿಕೊಂಡು, ಕಿರುಸರಪಣಿಯನ್ನು ಬೆರಸಿ, ೩೭ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಡುತ್ತಾರೆ. ೪೦೫ ನ್ಯಾನೋಮೀಟರು ಅಲೆಯುದ್ದದ ಬೆಳಕನ್ನು ದ್ರವವು ಎಷ್ಟು ಹೀರುತ್ತದೆಂಬದನ್ನು ಯಂತ್ರದಿಂದ ಆಗಾಗ ಅಳೆಯುತ್ತಾರೆ. ಹಳದಿಯು ಏರುವ ವೇಗವೇ ಕಿಣ್ವದ ಕೆಲಸದ ಅಳತೆ.

ಇಷ್ಟು ಮಾಡಿದರೆ ಸಾಲದು. ಕೋಶದ ರಸವಿಲ್ಲದ ಒಂದು ನಳಿಗೆಯಿರಬೇಕು. ಬಣ್ಣವು ತಾನಾಗಿ ಬಂದದ್ದಲ್ಲವೆಂಬದಕ್ಕೆ ಅದು ಸಾಕ್ಷಿ. ಕಾಸ್ಪೇಸನ್ನು ತಡೆಯುವ ವಸ್ತು ಬೆರಸಿದ ಇನ್ನೊಂದು ನಳಿಗೆಯಿರಬೇಕು. ಅದರಲ್ಲಿ ಹಳದಿಯು ಏರದೆ ನಿಂತರೆ ಮಾತ್ರ ಕತ್ತರಿಸಿದ್ದು ಕಾಸ್ಪೇಸೇ ಎನ್ನಬಹುದು. ಅಲ್ಲದೆ ಈ ಕೆಲಸವು ಏರಿ ಇಳಿಯುವಂಥದು. ಒಂದೇ ಹೊತ್ತಿನಲ್ಲಿ ನೋಡಿದವರು ಬೇಗನೆ ಬಂದಿರಬಹುದು, ತಡವಾಗಿಯೂ ಬಂದಿರಬಹುದು. ಆದುದರಿಂದ ಹಲವು ಹೊತ್ತುಗಳಲ್ಲಿ ಅಳೆಯಬೇಕು.

೫. ಹಳದಿ ಬಣ್ಣವು ಹೇಳದ ಮಾತು

ಅಮೆರಿಕದ ಡೆಟ್ರಾಯ್ಟ್ ನಗರದ ಮಿಚಿಗನ್ ಕ್ಯಾನ್ಸರ್ ಫೌಂಡೇಶನ್ ಎಂಬ ಸಂಸ್ಥೆಯಲ್ಲಿ, ಸ್ತನದ ಕ್ಯಾನ್ಸರಿನಿಂದ ನರಳುತ್ತಿದ್ದ ಒಬ್ಬ ಕನ್ಯಾಸ್ತ್ರೀಯವರ ಎದೆಗೂಡಿನ ದ್ರವದಿಂದ ೧೯೭೦ರಲ್ಲಿ ತೆಗೆದ ಕೋಶಗಳನ್ನು ಬೆಳೆಸಿ, ೧೯೭೩ರಲ್ಲಿ ಅವುಗಳ ವರದಿಯನ್ನು ಪ್ರಕಟಿಸಿದರು. ಆ ತಾಯಿಯು ಅದೇ ೧೯೭೦ರಲ್ಲಿ ತೀರಿಕೊಂಡರೂ ಎಂಸಿಎಫ್-೭ ಎಂಬ ಹೆಸರಿನ ಆ ಕೋಶಗಳು ಇಂದಿಗೂ ಲೋಕದ ನಾನಾ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಾ ಸ್ತನದ ಕ್ಯಾನ್ಸರಿನ ಅಭ್ಯಾಸಕ್ಕೆ ನೆರವಾಗುತ್ತಿವೆ.

೧೯೯೮ರಲ್ಲಿ ಈ ಕೋಶಗಳ ವಿಷಯವಾಗಿ ಒಂದು ಸಂಗತಿಯು ಹೊರಬಿತ್ತು. ಕಾಸ್ಪೇಸ್-೩ರ ಜೀನಿನ ಒಂದು ಚೂರು ಇವುಗಳಲ್ಲಿ ಕಳೆದುಹೋಗಿದೆ. ಆದುದರಿಂದ ಆ ಕಿಣ್ವವು ಇವುಗಳಲ್ಲಿ ಇಲ್ಲವೇ ಇಲ್ಲ. ಆದರೂ ಇವು ಸಾಯಬಲ್ಲವು! ಹೀಗಿರುವಾಗ, ಹಳದಿಯು ಬಹಳ ಕಡಿಮೆಯೆಂದು ನೋಡಿ ‘ಮದ್ದು ಕೆಲಸ ಮಾಡಲಿಲ್ಲ’ ಎಂದು ಬರೆದುಕೊಂಡವರು ತಪ್ಪಿದರು. ತುಸು ಹಳದಿಯನ್ನು ಕಂಡು ‘ಇದು ಕಾಸ್ಪೇಸ್-೩ರ ಕೆಲಸ’ ಎಂದು ಬರೆದುಕೊಂಡವರೂ ತಪ್ಪಿದರು. ಏಕೆಂದರೆ ಅದರ ತಂಗಿಯಂತಿರುವ ಕಾಸ್ಪೇಸ್-೭ ಕೂಡ ಅದೇ ಕಿರುಸರಪಣಿಯನ್ನು ಕತ್ತರಿಸುವದು. ಅಳತೆಯು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗಿಂತ ಹೆಚ್ಚಿನ ಉತ್ತರವನ್ನು ನಾವು ಅದರ ಬಾಯಿಂದ ಹೊರಡಿಸಿದೆವು. ಆದಕಾರಣ ಸೂಕ್ಷ್ಮದರ್ಶಕದಿಂದ ಕೋಶದ ಆಕಾರವನ್ನು ನೋಡುವದು, ಒಳಗಿನ ಪ್ರೋಟೀನುಗಳು ಕತ್ತರಿಸಿಹೋಗಿವೆಯೋ ಎಂದು ಪರೀಕ್ಷಿಸುವದು ಮುಂತಾದ ಬೇರೆ ಸಾಕ್ಷಿಗಳೂ ಬೇಕು.

೬. ಇದರಿಂದಾಗುವ ಪ್ರಯೋಜನ

೧೯೮೮ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಡೇವಿಡ್ ವಾಕ್ಸ್, ಸೂಸನ್ ಕೋರಿ, ಜೆರಿ ಆಡಮ್ಸ್ ಇವರು ಬಿಸಿಎಲ್-೨ ಎಂಬ ಪ್ರೋಟೀನು ಕೋಶಗಳನ್ನು ಮರಣದಿಂದ ತಡೆದಿಡುತ್ತದೆಂದು ತೋರಿಸಿದರು. ಈ ತಡೆಯನ್ನು ಮುರಿಯುವ ವೆನೆಟೊಕ್ಲಾಕ್ಸ್ ಎಂಬ ಮದ್ದಿಗೆ ೨೦೧೬ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೋಸ್ಕರ ಅನುಮತಿ ದೊರೆಯಿತು. ತಿಳಿವಿಗೂ ಮದ್ದಿಗೂ ನಡುವೆ ೨೮ ವರುಷಗಳು! ಕಾಸ್ಪೇಸಿನ ಕೆಲಸವನ್ನು ಅಳೆಯುವಂಥ ಪರೀಕ್ಷೆಗಳು ಇಂಥ ದೂರದ ದಾರಿಯ ಮೈಲುಗಲ್ಲುಗಳು. ಕಲ್ಲನ್ನು ತಪ್ಪಾಗಿ ಓದಿದರೆ ದಾರಿ ನಡೆಯುವವರಷ್ಟೇ ಅಲ್ಲ, ದಾರಿಯ ಕೊನೆಯಲ್ಲಿ ಹಾಸಿಗೆ ಹಿಡಿದು ಕಾದಿರುವ ರೋಗಿಯೂ ಕಷ್ಟಕ್ಕೀಡಾಗುವನು.

ಆದಕಾರಣ, ಯಾವುದೋ ವಸ್ತುವು ಕ್ಯಾನ್ಸರಿನ ಕೋಶಗಳನ್ನು ಕೊಂದಿತೆಂದು ಪತ್ರಿಕೆಗಳಲ್ಲಿ ಓದುವಾಗ, ಯಾವುದರೊಂದಿಗೆ ಹೋಲಿಸಿ ನೋಡಿದರು, ಎಷ್ಟು ಸಾಕ್ಷಿಗಳಿಂದ ಹೇಳಿದರು, ನಳಿಗೆಯಲ್ಲಿ ಕಂಡದ್ದೋ ರೋಗಿಯಲ್ಲಿ ಕಂಡದ್ದೋ ಎಂದು ವಿಚಾರಿಸಿರಿ. ತಂದೆತಾಯಿಗಳೇ, ನಿಮ್ಮ ಮಗಳು ಪ್ರಯೋಗಶಾಲೆಯಿಂದ ತಡವಾಗಿ ಬಂದು, ಏನೂ ಹಾಕದ ನಳಿಗೆಯನ್ನು ಮೂರು ಸಾರಿ ಅಳೆದೆನೆಂದು ಹೇಳಿದರೆ, ಹೊತ್ತು ಹಾಳಾಯಿತೆಂದು ಗದರಿಸಬೇಡಿರಿ. ಉಳಿದ ನಳಿಗೆಗಳ ಮಾತನ್ನು ನಂಬಬಹುದೋ ಇಲ್ಲವೋ ಎಂಬದನ್ನು ಆ ಬರಿದಾದ ನಳಿಗೆಯೇ ಅವಳಿಗೆ ತಿಳಿಸಿಕೊಡುತ್ತದೆ.